ಸತ್ಯಾಂಶ: ಫೀಡ್ ಕಮ್ಮಿ ಮಾಡಿದರೆ ಟೂಲ್ ಹೆಚ್ಚು ಬಾಳುತ್ತದೆಯೇ?

"ಸ್ಟೇನ್‌ಲೆಸ್ ಗಟ್ಟಿ ಲೋಹ, ಫೀಡ್ ಎಷ್ಟು ಕಮ್ಮಿ ಇಟ್ಟರೆ ಟೂಲ್ ಅಷ್ಟು ದಿನ ಬಾಳುತ್ತದೆ" ಎಂಬ ಸಂದೇಶ ಲೇತ್ ಕೆಲಸದವರ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಫೀಡ್ ಎಂದರೆ ಕೆಲಸದ ತುಂಡು ಅಥವಾ ಬಿಟ್ ಒಂದು ಸುತ್ತು ತಿರುಗುವಷ್ಟರಲ್ಲಿ ಟೂಲ್ ಮುಂದೆ ಸರಿಯುವ ದೂರ. ಸಂದೇಶ ಹೇಳುವುದು ತಪ್ಪು. ಕೆಲಸ ಕಲಿಯುತ್ತಿರುವ ಹುಡುಗರು ಇದನ್ನು ನಂಬಿ ಇನ್ಸರ್ಟ್ (ಟೂಲ್ ತುದಿಗೆ ಕೂರಿಸುವ, ಕತ್ತರಿಸುವ ಬಿಲ್ಲೆ) ಹಾಳು ಮಾಡಿಕೊಳ್ಳಬಾರದು.

ಇನ್ಸರ್ಟ್‌ನ ಅಂಚು ಚೂಪಾಗಿ ಕಂಡರೂ ಕೊಂಚ ದುಂಡಗಿರುತ್ತದೆ, ಸಾಮಾನ್ಯವಾಗಿ 0.02ರಿಂದ 0.05 ಮಿ.ಮೀ. ತ್ರಿಜ್ಯ. ಫೀಡನ್ನು ಪ್ರತಿ ಸುತ್ತಿಗೆ 0.03 ಮಿ.ಮೀ.ಗೆ ಇಳಿಸಿದರೆ ಆ ಅಂಚು ಲೋಹವನ್ನು ಕತ್ತರಿಸುವ ಬದಲು ಉಜ್ಜತೊಡಗುತ್ತದೆ. 304 ದರ್ಜೆಯಂಥ ಸ್ಟೇನ್‌ಲೆಸ್‌ನ ಮೇಲ್ಪದರ ಉಜ್ಜಿದಷ್ಟೂ ಗಟ್ಟಿಯಾಗುತ್ತದೆ. ಮುಂದಿನ ಸುತ್ತಿನಲ್ಲಿ ಟೂಲ್ ಆ ಗಟ್ಟಿ ಪದರದೊಳಗೇ ಓಡಬೇಕು. ಡ್ರಿಲ್ ಹಾಕುವಾಗ ಇದು ಕಣ್ಣಿಗೇ ಕಾಣುತ್ತದೆ: ಒತ್ತುವ ಕೈ ಸಡಿಲಾದ ಕೂಡಲೇ ಚಿಪ್ಸ್ (ಕತ್ತರಿಸಿದ ಲೋಹದ ಚೂರು) ಬರುವುದು ನಿಂತು, ಕೀರಲು ಸದ್ದು ಬಂದು, ತೂತಿನ ತಳ ಕನ್ನಡಿಯಂತೆ ಹೊಳೆಯುತ್ತದೆ. ಆಮೇಲೆ ಬಿಟ್ ಇಳಿಯುವುದೇ ಕಷ್ಟ.

ಕಮ್ಮಿ ಮಾಡಬೇಕಾದ್ದು ಸ್ಪೀಡ್, ಅಂದರೆ ಅಂಚು ಲೋಹದ ಮೇಲೆ ಹಾಯುವ ವೇಗ. ಟೂಲ್ ಸವೆಯುವುದಕ್ಕೆ ಎಲ್ಲಕ್ಕಿಂತ ದೊಡ್ಡ ಕಾರಣ ಅದೇ. 304ರಲ್ಲಿ 10 ಮಿ.ಮೀ. ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಡ್ರಿಲ್ ಬಿಟ್‌ಗೆ ನಿಮಿಷಕ್ಕೆ 12 ಮೀಟರ್, ಅಂದರೆ ಸುಮಾರು 380 ಆರ್‌ಪಿಎಂ ಸಾಕು. ಫೀಡ್ ಮಾತ್ರ ಪ್ರತಿ ಸುತ್ತಿಗೆ 0.15 ಮಿ.ಮೀ. ಆಸುಪಾಸು, ಮಧ್ಯೆ ನಿಲ್ಲಿಸದೆ, ಕೂಲಂಟ್ ಬಿಟ್ಟುಕೊಂಡು. ಅಲ್ಯೂಮಿನಿಯಂಗೆ ಸ್ಪೀಡ್ ಹಲವು ಪಟ್ಟು ಏರಿಸಬಹುದು. ಅಲ್ಲೂ ಫೀಡ್ ತೀರಾ ಇಳಿದರೆ ಲೋಹ ಅಂಚಿಗೆ ಮೆತ್ತಿಕೊಳ್ಳುತ್ತದೆ.

ಫೀಡ್ ಇಳಿಸಿದರೆ ಫಿನಿಶ್ ನಯವಾಗುವುದು ನಿಜ. 0.8 ಮಿ.ಮೀ. ನೋಸ್ ರೇಡಿಯಸ್‌ನಲ್ಲಿ (ಇನ್ಸರ್ಟ್ ಮೂಲೆಯ ದುಂಡಿನ ತ್ರಿಜ್ಯ) 0.2 ಮಿ.ಮೀ. ಫೀಡ್ ಲೆಕ್ಕದ ಪ್ರಕಾರ 6 ಮೈಕ್ರಾನಿನಷ್ಟು ಆಳದ ಗೆರೆ ಬಿಟ್ಟರೆ, 0.1ರದ್ದು ಒಂದೂವರೆ ಮೈಕ್ರಾನ್. ಅದಕ್ಕಿಂತ ಕೆಳಗಿಳಿಯುವ ಮುನ್ನ ಇನ್ಸರ್ಟ್ ತಯಾರಕರು ಕೊಟ್ಟಿರುವ ಕನಿಷ್ಠ ಫೀಡ್ ಎಷ್ಟೆಂದು ನೋಡಿ.