ಹೊಕ್ಕುಳ ಮುಟ್ಟುವ ಪ್ಯಾಂಟು

1940ರ ದಶಕದ ಗಂಡಸರ ಪ್ಯಾಂಟಿನ ಪ್ಯಾಟರ್ನನ್ನು, ಅಂದರೆ ಬಟ್ಟೆ ಕತ್ತರಿಸಲು ಇಟ್ಟುಕೊಳ್ಳುವ ಕಾಗದದ ಮಾದರಿಯನ್ನು, ಮೇಜಿನ ಮೇಲೆ ಹರಡಿದವರ ಕಣ್ಣಿಗೆ ಮೊದಲು ಬೀಳುವುದು ಸೀಟಿನಿಂದ ಸೊಂಟಪಟ್ಟಿಯವರೆಗಿನ ಅದರ ಎತ್ತರ. ಇಂದಿನ ಪ್ಯಾಂಟು ಸೊಂಟದ ಮೂಳೆಗೆ ಹೇಗೋ ಜೋತುಬಿದ್ದಿರುತ್ತದೆ. ಅಂದಿನದು ಯಾವ ಸಂಕೋಚವೂ ಇಲ್ಲದೆ ಹೊಕ್ಕುಳವರೆಗೆ ಏರಿ ಕೂರುತ್ತದೆ. ಹೊಲಿದು ತೊಟ್ಟು ಕನ್ನಡಿಯ ಮುಂದೆ ನಿಂತರೆ ತಾತನ ಕಾಲದ ಗ್ರೂಪ್ ಫೋಟೊ ನೆನಪಾಗಿ ನಗು ಬರುವುದು ಸಹಜವೇ. ಆದರೆ ಪಂಚೆ ಉಟ್ಟು ರೂಢಿಯಿರುವವರಿಗೆ ಇದರಲ್ಲಿ ಹೊಸತೇನೂ ಇಲ್ಲ. ಉಟ್ಟದ್ದು ಜಾರದೆ ನಿಲ್ಲಬೇಕಾದರೆ ನಡುವಿನಲ್ಲೇ ನಿಲ್ಲಬೇಕು ಎಂಬುದು ಅವರಿಗೆ ಬೆಲ್ಟಿನ ಹಂಗಿಲ್ಲದೆಯೇ ಗೊತ್ತು.

ಅಳತೆಗೆ ತಕ್ಕಂತೆ ಬೇರೆ ಬೇರೆ ಸೈಜಿನ ಕಾಗದದ ಪ್ಯಾಟರ್ನುಗಳನ್ನು 1863ರಲ್ಲಿ ಮಾರತೊಡಗಿದ ಎಬೆನೀಜರ್ ಬಟರಿಕ್, ಅಮೆರಿಕದ ಮಸಾಚುಸೆಟ್ಸಿನ ಒಬ್ಬ ದರ್ಜಿ. ಅವನು ಮೊದಲು ತಯಾರಿಸಿದ್ದು ಗಂಡಸರ ಮತ್ತು ಹುಡುಗರ ಉಡುಪಿನ ಪ್ಯಾಟರ್ನುಗಳನ್ನೇ. ಹೆಂಗಸರ ಉಡುಪಿಗೆ ಕೈ ಹಾಕಿದ್ದು ಆಮೇಲೆ. ಆದರೂ ವ್ಯಾಪಾರವೆಲ್ಲ ಬೇಗನೆ ಹೆಂಗಸರ ಉಡುಪಿನತ್ತ ವಾಲಿತು. ಗಂಡಸಿನ ಅಂಗಿ, ಪೈಜಾಮಗಳನ್ನು ಮನೆಯಲ್ಲಿ ಹೊಲಿಯುತ್ತಿದ್ದರೇ ಹೊರತು ಪ್ಯಾಂಟು ಸಾಮಾನ್ಯವಾಗಿ ದರ್ಜಿಯ ಪಾಲಿಗೇ ಹೋಗುತ್ತಿತ್ತು. ಹಳೆಯ ಪ್ಯಾಟರ್ನು ಹುಡುಕುವವರಿಗೆ ಫ್ರಾಕುಗಳು ರಾಶಿ ರಾಶಿಯಾಗಿ ಸಿಕ್ಕಿ, ಪ್ಯಾಂಟು ಮಾತ್ರ ಅಪರೂಪವಾಗಿರುವುದು ಇದರಿಂದಲೇ.

ಸಿಕ್ಕಿದ ಪ್ಯಾಟರ್ನೂ ಸುಲಭಕ್ಕೆ ಬಾಯಿ ಬಿಡುವುದಿಲ್ಲ. ಆ ಕಾಲದ ಎಷ್ಟೋ ಪ್ಯಾಟರ್ನುಗಳಲ್ಲಿ ಒಂದು ಗೆರೆಯಾಗಲಿ ಅಕ್ಷರವಾಗಲಿ ಇರುವುದಿಲ್ಲ. ಹಾಳೆಯಲ್ಲಿರುವುದು ಬರೀ ತೂತುಗಳು. ಒಂದು ಸಾಲು ಬಟ್ಟೆಯ ಎಳೆಯ ದಿಕ್ಕನ್ನು ತೋರಿಸಿದರೆ, ಇನ್ನೊಂದು ಪ್ಲೀಟು, ಎಂದರೆ ನೆರಿಗೆ, ಬರುವ ಜಾಗವನ್ನು ತೋರಿಸುತ್ತದೆ, ಅಂಚಿನಲ್ಲಿರುವ ಸಣ್ಣ ಕಚ್ಚುಗಳು ಯಾವ ತುಂಡು ಯಾವುದಕ್ಕೆ ಕೂಡಬೇಕೆಂದು ಹೇಳುತ್ತವೆ. ಜೊತೆಗಿರುವ ಸೂಚನೆಗಳೋ, ಓದುವವರಿಗೆ ಜೇಬು ಕೂರಿಸುವುದು ಬಂದೇ ಬರುತ್ತದೆಂಬ ಭರವಸೆಯಲ್ಲಿ ಬರೆದವು. ಕಾಗದ ಮುಟ್ಟಿದರೆ ಪುಡಿಯಾಗುವಂತಿರುವುದರಿಂದ ಮೊದಲು ಅದನ್ನು ಖಾಕಿ ಕಾಗದದ ಮೇಲೆ ಇಳಿಸಿಕೊಂಡು, ಒಂದು ಲಕೋಟೆಯಲ್ಲಿ ಒಂದೇ ಸೈಜು ಬರುವ ಕಾರಣಕ್ಕೆ ತಮ್ಮ ಸೊಂಟಕ್ಕೆ ಹಿಗ್ಗಿಸಿಯೋ ಕುಗ್ಗಿಸಿಯೋ, ಅಗ್ಗದ ಕೋರಾ ಬಟ್ಟೆಯಲ್ಲಿ ಟ್ರಯಲ್ ನೋಡಿದ ಮೇಲೆಯೇ ಒಳ್ಳೆಯ ಬಟ್ಟೆಗೆ ಕತ್ತರಿ ಇಡುವುದು ಕ್ಷೇಮ. ಬಟ್ಟೆಯ ಆಯ್ಕೆಯಲ್ಲಿ ಜಿಪುಣತನ ಸಲ್ಲದು. ದಪ್ಪ ಉಣ್ಣೆಯ ಭಾರವನ್ನು ನಂಬಿ ಮಾಡಿದ ಪ್ಲೀಟುಗಳು ತೆಳು ಬಟ್ಟೆಯಲ್ಲಿ ನೇರವಾಗಿ ಇಳಿಯದೆ ಬಲೂನಿನಂತೆ ಉಬ್ಬಿಕೊಳ್ಳುತ್ತವೆ.

ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು ಹಿಂಬದಿಯ ನಡುಹೊಲಿಗೆ. ಸೊಂಟಪಟ್ಟಿಯನ್ನು ಒಂದೇ ಉದ್ದದ ತುಂಡಾಗಿ ಕೂರಿಸದೆ ಎಡಕ್ಕೊಂದು ಬಲಕ್ಕೊಂದು ಬೇರೆಯಾಗಿ ಹೊಲಿದು, ಕೊನೆಗೆ ಪಟ್ಟಿಯಿಂದ ಸೀಟಿನವರೆಗೆ ಒಂದೇ ಹೊಲಿಗೆ ಎಳೆಯುತ್ತಾರೆ, ಒಳಗೆ ಧಾರಾಳವಾಗಿ ಬಟ್ಟೆ ಬಿಟ್ಟಿರುತ್ತಾರೆ. ಹೊಟ್ಟೆ ಬಂದರೆ ಆ ಹೊಲಿಗೆಯೊಂದನ್ನು ಬಿಚ್ಚಿ ಹೊರಗೆ ಸರಿಸಿದರಾಯಿತು. ತೊಡುವವನು ಹತ್ತು ವರ್ಷ ಬಾಳುತ್ತಾನೆ, ನಡುವೆ ಹಬ್ಬದೂಟವನ್ನೂ ಉಣ್ಣುತ್ತಾನೆ ಎಂದು ಮೊದಲೇ ಒಪ್ಪಿಕೊಂಡ ಉಡುಪು ಅದು. ಇಂದಿನ ರೆಡಿಮೇಡ್ ಪ್ಯಾಂಟಿನಲ್ಲಿ ಅಷ್ಟು ಜಾಗ ಹುಡುಕಿದರೂ ಸಿಗದು.

ಕಾಲಿನ ತುದಿಯಲ್ಲಿ ಹೊರಕ್ಕೆ ಮಡಿಚುವ ಕಫ್ಫಿಗೂ ಬಟ್ಟೆ ಬೇಕು. ಒಂದೂಮುಕ್ಕಾಲು ಇಂಚಿನ ಕಫ್ ಮಡಿಚಲು ಒಳಮಡಿಕೆಯೂ ಸೇರಿ ಪ್ರತಿ ಕಾಲಿಗೂ ಸುಮಾರು ನಾಲ್ಕು ಇಂಚು ಹೆಚ್ಚು ಬಿಡಬೇಕು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬಟ್ಟೆ ಉಳಿಸಹೊರಟ ಬ್ರಿಟನ್ನಿನ ಸರ್ಕಾರದ ಕಣ್ಣು ಬಿದ್ದದ್ದು ಈ ನಾಲ್ಕು ಇಂಚಿನ ಮೇಲೆಯೇ. 1942ರಲ್ಲಿ ಕಫ್ ನಿಷೇಧವಾಯಿತು, ಗಂಡಸರು ಗೊಣಗಿದರು. ಜಾಣರು ಬೇಕೆಂದೇ ಉದ್ದದ ಪ್ಯಾಂಟು ಕೊಂಡು, ಮನೆಗೆ ಬಂದು ಮಡಿಚಿಕೊಂಡರು. 1944ರಲ್ಲಿ ಸರ್ಕಾರವೇ ನಿಯಮವನ್ನು ಕೈಬಿಟ್ಟಿತು.