‘ಬೀಳಿಸಿದ್ರಾ?’ ಅಂದಾಗ ನಾನು ಯಾಕೆ ಯೋಚನೆ ಮಾಡಿದೆ

ನನ್ನ ಇಂಕ್ ಪೆನ್ನನ್ನು ನಾನು ಬೀಳಿಸಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕಂದರೆ ಇವತ್ತು ಹೇಳಬೇಕಾದ ಜಾಗದಲ್ಲಿ, ಹೇಳಬೇಕಾದವರ ಮುಂದೆ ನನ್ನ ಬಾಯಿಂದ ಆ ಮಾತು ಹೊರಡಲಿಲ್ಲ.

ಮನೆಗೆ ಬಂದು ಎರಡು ಗಂಟೆ ಆಯಿತು. ಪೆನ್ನು ಸೋರುತ್ತೆ ಅಂತ ಕೊಟ್ಟಿದ್ದ ಸರ್ವಿಸ್ ಸೆಂಟರ್‌ನವರು ಬರೆದುಕೊಟ್ಟ ಹಳದಿ ಕಾಗದವನ್ನು ಮುಂದೆ ಇಟ್ಟುಕೊಂಡು ಕೂತಿದ್ದೇನೆ. ಅದರಲ್ಲಿ ಇರುವುದು ಎರಡೇ ಸಾಲು. ‘ಸೋರಿಕೆ ಕಂಡುಬಂದಿಲ್ಲ.’ ಅದರ ಕೆಳಗೆ, ‘ಗ್ರಾಹಕರು ಬೀಳಿಸಿದ್ದರಿಂದ ಬಿರುಕು. ವಾರಂಟಿ ಅನ್ವಯಿಸುವುದಿಲ್ಲ.’ ಅದರ ಕೆಳಗೆ ಸಹಿ. ನನ್ನದೇ ಸಹಿ.

ಬಿರುಕು ಇದೆ ಅಂತ ನೀವೇ ಬರೆದಿದ್ದೀರಿ. ಹಾಗಾದರೆ ಬಿರುಕಿರುವ ಪೆನ್ನಿಗೆ ಇಂಕು ತುಂಬಿಸಿ ಒಂದು ರಾತ್ರಿ ಇಟ್ಟು ನೋಡಿದಿರಾ? 26 ದಿನ ನಿಮ್ಮ ಹತ್ತಿರ ಇತ್ತು. 26 ದಿನದಲ್ಲಿ ಒಂದು ರಾತ್ರಿ ಸಿಗಲಿಲ್ವಾ?

ನೋಡಿಲ್ಲ. ನನಗೆ ಖಂಡಿತ ಗೊತ್ತು, ನೋಡಿಲ್ಲ. ಪೆನ್ ಕೊಡುವಾಗ ಇಂಕು ಖಾಲಿ ಮಾಡಿ, ತೊಳೆದು, ಒರೆಸಿ ತನ್ನಿ ಅಂದಿದ್ದರು. ಹಾಗೇ ಮಾಡಿದೆ. ಬರೀ ನೀರಲ್ಲಿ ತೊಳೆದೆ. ಸ್ಪಿರಿಟ್ ಗಿಸ್ಪಿರಿಟ್ ಸೋಕಿಸಲಿಲ್ಲ, ಆಲ್ಕೋಹಾಲ್ ತಾಗಿದರೆ ಕೆಲವು ಪ್ಲಾಸ್ಟಿಕ್ ಸಣ್ಣ ಸಣ್ಣದಾಗಿ ಸೀಳುತ್ತದೆ ಅಂತ ಗೊತ್ತಿತ್ತು. ಪೆನ್ನು ಖಾಲಿ ಇದ್ದರೆ ಸೋರಿಕೆ ಕಾಣಿಸುವುದಿಲ್ಲ, ಅದೂ ಗೊತ್ತಿತ್ತು. ಅದಕ್ಕೇ ಮೂರು ಟಿಶ್ಯೂ ಕಾಗದ ಜೊತೆಗಿಟ್ಟಿದ್ದೆ. ಇಂಕು ಖಾಲಿ ಮಾಡುವ ಮೊದಲು ಬೆರಳು ಹಿಡಿಯುವ ಜಾಗವನ್ನು ಪೂರ್ತಿ ಒಣಗಿಸಿ, ಬಿಳಿ ಟಿಶ್ಯೂ ಒಂದು ಸುತ್ತು ಸುತ್ತಿ, ರಾತ್ರಿ ಮಲಗಿಸಿ ಇಟ್ಟು ಬೆಳಿಗ್ಗೆ ಬಿಚ್ಚಿದ್ದು. ಮೂರು ರಾತ್ರಿ, ಮೂರು ಟಿಶ್ಯೂ. ಮೂರರಲ್ಲೂ ಒಂದೇ ಗೆರೆ. ಹರಡಿದ ಕಲೆ ಅಲ್ಲ, ಸೂಜಿಯಲ್ಲಿ ಗೀರಿದ ಹಾಗೆ ನೇರ ನೀಲಿ ಗೆರೆ, ಸುಮಾರು 6 ಮಿಲಿಮೀಟರ್ ಉದ್ದ. ಮೂರಕ್ಕೂ ತಾರೀಕು ಬರೆದು, ಪಿನ್ ಹೊಡೆದು, ಮೇಲೊಂದು ಚೀಟಿ ಇಟ್ಟು, ಕವರಿಗೆ ಹಾಕಿ ಕೊಟ್ಟಿದ್ದೆ.

ಇವತ್ತು ಆ ಕವರ್ ವಾಪಸ್ ಕೊಟ್ಟರಲ್ಲ, ನಾನು ಹೊಡೆದ ಪಿನ್ ಹೊಡೆದ ಹಾಗೇ ಇತ್ತು.

ಕೌಂಟರ್‌ನಲ್ಲಿ ಇವತ್ತು ಇದ್ದವರು ಬೇರೆಯವರು. ಪೆನ್ ತೆಗೆದುಕೊಂಡಿದ್ದ ಹುಡುಗಿ ಇರಲಿಲ್ಲ, ಪಾಪ, ಅವಳು ಚೆನ್ನಾಗೇ ಮಾತಾಡಿದ್ದಳು. ಇವರು ಪೆನ್ನನ್ನು ಬೆಳಕಿಗೆ ಹಿಡಿದು ಎರಡು ಸಲ ತಿರುಗಿಸಿದರು. ಭೂತಗನ್ನಡಿ ಪಕ್ಕದಲ್ಲೇ ಇತ್ತು, ಮುಟ್ಟಲಿಲ್ಲ. ಕತ್ತೆತ್ತದೆ ಕೇಳಿದರು:

“ಬೀಳಿಸಿದ್ರಾ ಮೇಡಂ?”

ನಾನು ಯೋಚನೆ ಮಾಡಿದೆ.

ಅಷ್ಟೇ. ಆದದ್ದು ಅಷ್ಟೇ. ಎರಡು ಸೆಕೆಂಡ್ ಇರಬಹುದು, ಮೂರು ಇರಬಹುದು. ಯಾರಾದರೂ ಒಂದು ಪ್ರಶ್ನೆ ಕೇಳಿದರೆ ನಿಜ ಹೇಳಬೇಕಲ್ಲ, ಅದಕ್ಕೆ ನೆನಪು ಮಾಡಿಕೊಂಡೆ. ಒಂದು ಸಲ ಮೇಜಿನಿಂದ ಉರುಳಿತ್ತು. ಹೌದು. ಕ್ಯಾಪ್ ಹಾಕಿತ್ತು. ಕೆಳಗೆ ಚಾಪೆ ಇತ್ತು. ಅದಾದದ್ದು ಬಿರುಕು ಕಾಣಿಸುವುದಕ್ಕೆ ಏಳು ತಿಂಗಳ ಹಿಂದೆ. ಇದನ್ನು ಹೇಳಬೇಕಾ, ಬೇಡವಾ, ಹೇಳಿದರೆ ಹೇಗೆ ಹೇಳಲಿ ಅಂತ ಲೆಕ್ಕ ಹಾಕುತ್ತಿದ್ದೆ. ಅಷ್ಟರಲ್ಲಿ ಅವರು ಕತ್ತೆತ್ತಿ ನನ್ನ ಮುಖ ನೋಡಿದರು.

“ಯೋಚನೆ ಮಾಡ್ತಿದ್ದೀರಲ್ಲ ಮೇಡಂ. ಬೀಳಿಸಿರ್ತೀರಿ ಬಿಡಿ.”

ಹಿಂದೆ ಐದಾರು ಜನ ನಿಂತಿದ್ದರು. ಯಾರೋ ‘ತ್ಚ್’ ಅಂದರು. ನನಗೋ ಅವರಿಗೋ ಗೊತ್ತಿಲ್ಲ. ನನಗೇ ಅಂತ ಅನಿಸಿತು. ಕಿವಿ ಬಿಸಿಯಾಯಿತು. “ಇಲ್ಲ ಸರ್, ಅದು ಬೇರೆ, ಒಂದ್ಸಲ ಉರುಳಿತ್ತು, ಆದರೆ...” ಅಂತ ಶುರು ಮಾಡಿದೆ. ‘ಉರುಳಿತ್ತು’ ಅನ್ನುವುದರೊಳಗೆ ಅವರು ಬರೆಯಲು ಶುರು ಮಾಡಿದ್ದರು. ನನ್ನ ‘ಆದರೆ’ ಅವರ ಕಿವಿಗೆ ಬೀಳಲೇ ಇಲ್ಲ.

ಆಮೇಲೆ, ಬರೆದು ತೋರಿಸುತ್ತೇನೆ ಅಂತ ಇಂಕಿನ ಬಾಟಲಿಗೆ ನಿಬ್ಬು ಅದ್ದಿ, ರಟ್ಟಿನ ಮೇಲೆ ನಾಲ್ಕು ಗೆರೆ ಎಳೆದರು. “ನೋಡಿ, ಚೆನ್ನಾಗೇ ಬರೀತಿದೆಯಲ್ಲ.” ಬರೆಯುವುದಿಲ್ಲ ಅಂತ ನಾನೆಲ್ಲಿ ಹೇಳಿದ್ದೆ? ಸೋರುತ್ತೆ ಅಂದಿದ್ದೆ. ಅದ್ದಿ ಬರೆದರೆ ಸೋರಿಕೆ ಗೊತ್ತಾಗುವುದಾದರೂ ಹೇಗೆ? ಪೆನ್ನೊಳಗೆ ಇಂಕು ತುಂಬಿಡುವ ಕೊಳವೆಯಲ್ಲಿ, ಅಂದರೆ ಕನ್ವರ್ಟರ್‌ನಲ್ಲಿ, ಇಂಕು ನಿಂತಿರಬೇಕು, ಅದರ ಭಾರ ಬೀಳಬೇಕು, ಕೈಯ ಬಿಸಿ ತಾಗಬೇಕು.

ಇನ್ನು ಮುಂದೆ ಆದದ್ದನ್ನು ಬರೆಯುವಾಗ ಈಗಲೂ ಕೈ ನಡುಗುತ್ತಿದೆ. ಪೆನ್ ಕೆಳಗಿಟ್ಟಾಗ ಅವರ ಹೆಬ್ಬೆರಳಿಗೆ ನೀಲಿ ಹತ್ತಿತ್ತು. ಅದ್ದಿದ್ದು ನಿಬ್ಬಿನ ತುದಿ ಮಾತ್ರ. ನೀಲಿ ಹತ್ತಿದ್ದು ಹೆಬ್ಬೆರಳಿನ ಉಬ್ಬಿಗೆ, ಬಿರುಕು ತಾಗುವ ಜಾಗಕ್ಕೆ, ಒಂದು ಸಣ್ಣ ಗೆರೆಯಾಗಿ. ನಾನು ನೋಡಿದೆ. ಅವರೂ ನೋಡಿದರು. ನನ್ನ ಕವರ್ ಎಳೆದುಕೊಂಡು, ಪಿನ್ ಸಮೇತ ಒಂದು ಟಿಶ್ಯೂ ಕಿತ್ತು, ಹೆಬ್ಬೆರಳು ಒರೆಸಿಕೊಂಡು ಬುಟ್ಟಿಗೆ ಹಾಕಿದರು. ನಾನು ತಾರೀಕು ಬರೆದಿಟ್ಟಿದ್ದ ಟಿಶ್ಯೂ. ಒಂದು ರಾತ್ರಿ ಕಾದು ತೆಗೆದ ಗೆರೆ.

ನಾನು ಏನೂ ಮಾತಾಡಲಿಲ್ಲ.

“ಇಂಕ್ ಪೆನ್ ಅಂದ್ರೆ ಹೀಗೇ ಮೇಡಂ, ಕೈಗೆ ಇಂಕು ಹತ್ತುತ್ತೆ. ಬೇಡ ಅಂದ್ರೆ ಬಾಲ್ ಪೆನ್ ತಗೊಳ್ಳಿ” ಅಂದರು. ಆ ಮಾತು ಹೇಳುತ್ತಲೇ ದಾರ ಕಟ್ಟಿದ್ದ ಬಾಲ್ ಪೆನ್ನನ್ನು ನನ್ನ ಕಡೆ ತಳ್ಳಿದರು, ಸಹಿ ಹಾಕಿ ಅಂತ. ಹಾಕಿದೆ. ಓದಿದ ಮೇಲೇ ಹಾಕಿದೆ. ಓದದೆ ಹಾಕಿದ್ದರೆ ಇಷ್ಟು ಸಂಕಟ ಆಗುತ್ತಿರಲಿಲ್ಲ. ಎರಡು ಸಾಲೂ ಓದಿ, ತಪ್ಪು ಅಂತ ಗೊತ್ತಾಗಿ, ಹಿಂದೆ ನಿಂತವರಿಗೆ ತಡ ಆಗುತ್ತಿದೆ ಅಂತ ಹಾಕಿದೆ. ಹಿಂದೆ ನಿಂತವರ ಮೇಲೆ ನನಗೇಕೆ ಅಷ್ಟು ಮರ್ಯಾದೆ, ನನ್ನ ಮಾತಿನ ಮೇಲೆ ಯಾಕಿಲ್ಲ?

ಈಗ ಮನೆಯಲ್ಲಿ ಕೂತು ಎಲ್ಲ ಉತ್ತರವೂ ಹೊಳೆಯುತ್ತಿದೆ. ಕ್ಯಾಪ್ ತೆಗೆದ ಪೆನ್ ಕೈಜಾರಿ ಬಿದ್ದರೆ ಸಾಮಾನ್ಯವಾಗಿ ಮೊದಲು ಪೆಟ್ಟು ತಿನ್ನುವುದು ನಿಬ್ಬು. ಸೀಳಿನ ಎರಡು ಬದಿ ಒಂದರ ಮೇಲೊಂದು ಹತ್ತುತ್ತವೆ, ಇಲ್ಲಾ ತುದಿ ಕೊಕ್ಕೆಯಾಗುತ್ತದೆ. ಇಂಕ್ ಪೆನ್ ಬಳಸಿದವರೆಲ್ಲ ಒಂದಲ್ಲ ಒಂದು ಸಲ ಇದನ್ನು ನೋಡಿ ಅತ್ತಿರುತ್ತಾರೆ. ನನ್ನ ನಿಬ್ಬು ನೋಡಿ. ಸೀಳು ನೇರ ಇದೆ, ಎರಡೂ ಬದಿ ಸಮ ಇದೆ, ತುದಿಯ ಮಣಿ ಹೊಳೆಯುತ್ತಿದೆ. ನಿಮ್ಮ ರಟ್ಟಿನ ಮೇಲೆ ನೀವೇ ನಾಲ್ಕು ಗೆರೆ ಎಳೆದಿರಿ, ಒಂದು ಕಡೆಯೂ ಕೆರೆಯಲಿಲ್ಲ. ಮೈಮೇಲೆ ಒಂದು ಗೀರಿಲ್ಲ, ಕ್ಯಾಪಿಗೆ ತಗ್ಗು ಬಿದ್ದಿಲ್ಲ. ಹಾಗಾದರೆ ನಾನು ಬೀಳಿಸಿದ್ದು ಎಲ್ಲಿಗೆ? ಯಾವ ನೆಲ ನಿಬ್ಬು ಬಿಟ್ಟು, ಕ್ಯಾಪ್ ಬಿಟ್ಟು, ಮೈ ಬಿಟ್ಟು ಬೆರಳು ಹಿಡಿಯುವ ಜಾಗವನ್ನು ಮಾತ್ರ ಸೀಳುತ್ತದೆ?

ಬಿರುಕು ಇರುವುದು ನಿಬ್ಬನ್ನೂ, ಅದಕ್ಕೆ ಕೆಳಗಿನಿಂದ ಇಂಕು ತಂದುಕೊಡುವ ಫೀಡನ್ನೂ ಒತ್ತಿ ಕೂರಿಸಿರುವ ಕಡೆ. ಅಲ್ಲಿ ಪ್ಲಾಸ್ಟಿಕ್ ತೆಳ್ಳಗಿರುತ್ತದೆ, ಒಳಗಿನಿಂದ ಹಗಲೂ ರಾತ್ರಿ ಒತ್ತಡ ಇರುತ್ತದೆ. ಅಚ್ಚಿಗೆ ಕರಗಿದ ಪ್ಲಾಸ್ಟಿಕ್ ಹೊಯ್ದಾಗ ಅದು ಎರಡು ಕಡೆಯಿಂದ ಹರಿದು ಬಂದು ಸೇರುವ ಒಂದು ಗೆರೆ ಇರುತ್ತದೆ. ಉಳಿದ ಭಾಗಕ್ಕಿಂತ ಆ ಗೆರೆ ಸೊರಗಿರುತ್ತದೆ. ಮೊದಲು ಬಿಟ್ಟುಕೊಳ್ಳುವುದು ಅಲ್ಲೇ. ಬಿರುಕು ನೇರವಾಗಿ ಉದ್ದಕ್ಕೆ ಇರುವುದನ್ನು ನೋಡಿದರೆ ನನಗೆ ಅನಿಸುವುದು ಅದೇ. ನನ್ನ ಅನಿಸಿಕೆ ತಪ್ಪಿರಬಹುದು, ಸರಿ. ಭೂತಗನ್ನಡಿ ಹಿಡಿದು ನೋಡಿ ತಪ್ಪು ಅನ್ನಿ. ನೋಡದೆ ಅನ್ನಬೇಡಿ.

ಕೈಗೆ ಇಂಕು ಹತ್ತುವುದೇ ಇಂಕ್ ಪೆನ್ ಅಂದರಲ್ಲ, ಆ ಮಾತಿಗೆ ಜಾಸ್ತಿ ನೋವಾಯಿತು. ಹತ್ತಬಾರದು ಅಂತಲೇ ಅಲ್ವಾ ಇಷ್ಟೆಲ್ಲ ಮಾಡಿದ್ದು? 1884ರಲ್ಲಿ ಲೂಯಿಸ್ ವಾಟರ್‌ಮನ್ ಅನ್ನುವವರು ಅಮೆರಿಕದಲ್ಲಿ ಪೇಟೆಂಟ್ ಪಡೆದದ್ದು ಫೀಡಿನ ಸಣ್ಣ ಕಾಲುವೆಗಳಿಗೆ. (ನನ್ನದು ವಾಟರ್‌ಮನ್ ಕಂಪನಿಯ ಪೆನ್ನಲ್ಲ.) ಇಂಕು ಹೊರಗೆ ಹೋದಷ್ಟು ಗಾಳಿ ಒಳಗೆ ಬರಬೇಕು, ಕಡಿಮೆಯಾದರೆ ಬರೆಯುವುದಿಲ್ಲ, ಜಾಸ್ತಿಯಾದರೆ ತೊಟ್ಟಿಕ್ಕುತ್ತದೆ. ಆ ಲೆಕ್ಕ ತಪ್ಪದ ಪೆನ್ನಿನಲ್ಲಿ ಇಡೀ ದಿನ ಬರೆದರೂ ಬೆರಳು ಬಿಳಿಯಾಗೇ ಇರುತ್ತದೆ. ನಾನು ಈ ಪೆನ್ ಕೊಂಡ 14 ತಿಂಗಳಲ್ಲಿ ಮೊದಲ ಒಂದು ವರ್ಷ ಹಾಗೇ ಬರೆದಿದ್ದೇನೆ, ದಿನಾ ನಾಲ್ಕೈದು ಪುಟ. ಬಿರುಕು ಬಂದ ಮೇಲೆ ಆ ಲೆಕ್ಕ ತಪ್ಪಿದೆ. ನಿಬ್ಬಿನ ಸೀಳಿಗೆ ಇಂಕು ತಾನಾಗೇ ಇಳಿದು ಬರುವುದು ಹೇಗೋ, ಕೂದಲೆಳೆಯಷ್ಟು ಬಿರುಕಿಗೂ ಹಾಗೇ ಬರುತ್ತದೆ. ಅದಕ್ಕೆ ಬರೆಯುವ ಸೀಳು, ಬರೆಯದ ಸೀಳು ಅಂತ ಭೇದ ಇಲ್ಲ.

ಹೋಗಲಿ ಬಿಡಿ. ಒಂದು ಪೆನ್ನು. ಬಿರುಕು ಅಂಟಿಸುವವರು ಇದ್ದಾರೆ, ಎಲ್ಲಾದರೂ ಕೊಟ್ಟು ಮಾಡಿಸಿಕೊಂಡರಾಯಿತು ಅಂತ ದಾರಿಯುದ್ದಕ್ಕೂ ಸಮಾಧಾನ ಹೇಳಿಕೊಂಡು ಬಂದೆ. ಆದರೆ ಯಾವ ಪ್ಲಾಸ್ಟಿಕ್ ಅಂತ ತಿಳಿಯದೆ ಅಂಟು ಸೋಕಿಸಿದರೆ ಆ ಜಾಗವೇ ಕರಗಬಹುದು. ಹೊರಗಡೆ ಬಿಚ್ಚಿಸಿದರೆ ಉಳಿದ 10 ತಿಂಗಳ ವಾರಂಟಿಯೂ ಹೋಗುತ್ತದೆ ಅಂತ ವಾರಂಟಿ ಕಾರ್ಡಿನಲ್ಲೇ ಬರೆದಿದೆ. ಇವರು ಮಾಡಿಕೊಡುವುದಿಲ್ಲ, ಬೇರೆಯವರು ಮುಟ್ಟಬಾರದು. ಇಲ್ಲ, ನಾನು ಹೋಗಲಿ ಅಂತ ಬಿಡುವುದಿಲ್ಲ.

ಯಾರಾದರೂ ಉತ್ತರ ಕೊಡಿ. ಸರ್ವಿಸ್ ಸೆಂಟರ್‌ನಲ್ಲಿ ಕೆಲಸ ಮಾಡಿದವರು ಯಾರಾದರೂ ಇದನ್ನು ಓದುತ್ತಿದ್ದರೆ ನೀವೇ ಹೇಳಿ. ಕಾರ್ಡಿನಲ್ಲಿ ‘ತಯಾರಿಕೆಯ ದೋಷಕ್ಕೆ ಮಾತ್ರ’ ಅಂತ ಇದೆ. ಅದು ತಯಾರಿಕೆಯ ದೋಷ ಹೌದೋ ಅಲ್ಲವೋ ಅಂತ ತೀರ್ಮಾನ ಮಾಡುವವರು ಯಾರು? ದೋಷ ಅಂತ ಒಪ್ಪಿಕೊಂಡರೆ ಖರ್ಚು ಹೊರಬೇಕಾದವರೇ ಅಲ್ವಾ? ಬೀಳಿಸಿದ್ದೇನೆ ಅಂತ ಅವರು ಸಾಬೀತು ಮಾಡಬೇಕಾಗಿಲ್ಲ, ಬೀಳಿಸಿಲ್ಲ ಅಂತ ನಾನು ಸಾಬೀತು ಮಾಡಬೇಕು. ಆಗದೇ ಇರುವುದನ್ನು ಆಗಿಲ್ಲ ಅಂತ ತೋರಿಸುವುದು ಹೇಗೆ? 14 ತಿಂಗಳು ಪೆನ್ನಿನ ಪಕ್ಕ ಒಬ್ಬರು ಸಾಕ್ಷಿ ಕೂರಿಸಬೇಕಿತ್ತಾ?

ಪಟ್ಟಂತ ‘ಇಲ್ಲ’ ಅಂದಿದ್ದರೆ ಕೆಲಸ ಆಗುತ್ತಿತ್ತು, ಅಲ್ವಾ? ಏಳು ಸಲ ಬೀಳಿಸಿದವರು ಕಣ್ಣು ಮಿಟುಕಿಸದೆ ‘ಇಲ್ಲ’ ಅಂದು ಹೊಸ ಪೆನ್ ತೆಗೆದುಕೊಂಡು ಹೋಗಿರುತ್ತಾರೆ. ನಾನು ನಿಜ ಹೇಳಲು ಮೂರು ಸೆಕೆಂಡ್ ತೆಗೆದುಕೊಂಡೆ. ಪೆನ್ನಿನ ವಿಷಯಕ್ಕಿಂತ ಇದೇ ಜಾಸ್ತಿ ಸುಡುತ್ತಿದೆ. ಪೆನ್ ಸರಿಯಾಗದೇ ಇದ್ದರೆ ಇರಲಿ, ಆ ಎರಡನೇ ಸಾಲು ಹೋಗಬೇಕು. ‘ಒಮ್ಮೆ ಕ್ಯಾಪ್ ಹಾಕಿದ ಪೆನ್ನು ಚಾಪೆಯ ಮೇಲೆ ಉರುಳಿತ್ತು’ ಅಂತ ಬರೆಯಿರಿ, ಎಷ್ಟು ಸಲ ಬೇಕಾದರೂ ಸಹಿ ಹಾಕುತ್ತೇನೆ.

ನಾಳೆ ಹೋಗಿ ಕೇಳುತ್ತೇನೆ. ಹೋಗಿ ಮತ್ತೆ ಅದೇ ಕೌಂಟರ್ ಮುಂದೆ ನಿಂತಾಗ ಬಾಯಿ ಬರುತ್ತದೋ ಇಲ್ಲವೋ ಗೊತ್ತಿಲ್ಲ.

ಇದನ್ನು ಬರೆಯಲು ಕೂರುವ ಮೊದಲು ಪೆನ್ನಿಗೆ ಇಂಕು ತುಂಬಿ, ಒಣಗಿಸಿ, ಹೊಸ ಟಿಶ್ಯೂ ಸುತ್ತಿ ಇಟ್ಟಿದ್ದೆ. ರಾತ್ರಿಯೆಲ್ಲ ಕಾಯಬೇಕಾಗಲಿಲ್ಲ. ಈಗಷ್ಟೇ ಬಿಚ್ಚಿ ನೋಡಿದೆ. ಗೆರೆ ಮೂಡಿದೆ, ಅದೇ ಜಾಗದಲ್ಲಿ. ಮೊದಲು 6 ಮಿಲಿಮೀಟರ್ ಇತ್ತು. ಈಗ 9 ಆಗಿದೆ.