ನಂಬರ್ ಸರಿ ಇದ್ದರೆ ಸಾಲದು, ಫೋಟೋನೂ ನೋಡಿ

ಪಿಸಿಜಿಎಸ್, ಎನ್‌ಜಿಸಿ ಅಂದರೆ ನಾಣ್ಯ ಅಸಲಿಯೇ ಎಂದು ಪರೀಕ್ಷಿಸಿ, ಗ್ರೇಡ್ (ದರ್ಜೆ) ಕೊಟ್ಟು, ಲೇಬಲ್ ಇರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೀಲ್ ಮಾಡುವ ಕಂಪನಿಗಳು. ಅವರ ಡಬ್ಬಿಯ ನಾಣ್ಯ ಕೊಳ್ಳುವಾಗ ಲೇಬಲ್ ಮೇಲಿನ ನಂಬರನ್ನು ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿ ನೋಡಿದರೆ ಸಾಕು ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಅಷ್ಟೇ ಸಾಲದು ಸರ್.

ಹುಬ್ಬಳ್ಳಿಯ ಗೆಳೆಯರೊಬ್ಬರು ಆನ್‌ಲೈನಿನಲ್ಲಿ 1862ರ ವಿಕ್ಟೋರಿಯಾ ರೂಪಾಯಿ ತರಿಸಿದ್ದರು. ಲೇಬಲ್ ಮೇಲೆ ಎಂಎಸ್ 63, ಅಂದರೆ ಚಲಾವಣೆಯಲ್ಲಿ ಸವೆಯದ ನಾಣ್ಯ, 70ಕ್ಕೆ 63ರ ಗ್ರೇಡ್. ನಂಬರ್ ಹಾಕಿದರೆ ಅದೇ ವರ್ಷ, ಅದೇ ಗ್ರೇಡ್ ಬಂತು. ಖುಷಿಯಿಂದ ನನಗೆ ತೋರಿಸಲು ಗದಗಿಗೆ ತಂದರು. ನಾನು ವೆಬ್‌ಸೈಟಿನ ಫೋಟೋ ದೊಡ್ಡದು ಮಾಡಿ ನೋಡಿದೆ. ಅದರಲ್ಲಿ ರಾಣಿಯ ಕೆನ್ನೆ ಮೇಲೆ ಸಣ್ಣ ಗೀರು, ಅಂಚಿನಲ್ಲಿ ನೀಲಿ ಬಣ್ಣದ ಛಾಯೆ. ಕೈಯಲ್ಲಿದ್ದ ನಾಣ್ಯದಲ್ಲಿ ಎರಡೂ ಇಲ್ಲ! ಯಾವುದೋ ಅಸಲಿ ನಾಣ್ಯದ ನಂಬರ್ ಕದ್ದು ನಕಲಿ ಡಬ್ಬಿ ಮಾಡಿದ್ದರು. ಗೆಳೆಯರ ಮುಖ ನೋಡಿ ನನಗೂ ಸಂಕಟವಾಯಿತು. ಎಲ್ಲಾ ನಾಣ್ಯಕ್ಕೂ ಫೋಟೋ ಇರುವುದಿಲ್ಲ, ಆದರೆ ಇದ್ದಾಗ ಗೀರು ಗೀರನ್ನೂ ಹೋಲಿಸಿ ನೋಡಲೇಬೇಕು.

ಇನ್ನೊಂದು, ಕೆಲವು ಲೇಬಲ್ ಮೇಲೆ ಬರುವ ‘ಡೀಟೇಲ್ಸ್’ ಅನ್ನೋ ಪದ. ಅದಿದ್ದರೆ ನಾಣ್ಯ ಅಸಲಿ, ಆದರೆ ಉಜ್ಜಿದ್ದೋ ಹಾನಿಯಾದದ್ದೋ ಇರುತ್ತದೆ. 1ರಿಂದ 70ರವರೆಗಿನ ಗ್ರೇಡ್ ಅಂಕೆ ಆ ಲೇಬಲ್ ಮೇಲೆ ಇರುವುದಿಲ್ಲ. ನಮ್ಮ ಕಡೆ ದೀಪಾವಳಿ ಲಕ್ಷ್ಮೀಪೂಜೆಗೆ ಅಜ್ಜಿಯ ಬೆಳ್ಳಿ ರೂಪಾಯಿಗಳನ್ನು ಹುಣಸೆಹಣ್ಣಿನಿಂದ ತಿಕ್ಕಿ ಫಳಫಳ ಅನ್ನಿಸುತ್ತಾರೆ ಅಲ್ವಾ? ಅಂಥವನ್ನು ಈ ಕಂಪನಿಗಳಿಗೆ ಕಳಿಸಿದರೆ ಬರುವುದು ಇದೇ ಲೇಬಲ್. ಪೂಜೆಗೆ ಒಂದೆರಡು ಬೇರೆ ಇಟ್ಟುಕೊಂಡು, ಉಳಿದವನ್ನು ಹಾಗೇ ಕಪ್ಪಾಗಿರಲು ಬಿಡಿ.